ಎಂಜಿನ್ ಲೈಟ್ ಬಂತಾ? ಅಳಿಸೋಕೆ ಮುಂಚೆ ಓದಿ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ತಿಂಗಳಿಗೊಮ್ಮೆಯಾದರೂ ಬರುವ ಸಂದೇಶ ಇದು. ಡ್ಯಾಶ್‌ಬೋರ್ಡಿನ ಒಂದು ಫೋಟೊ, ಅದರಲ್ಲಿ ಹಳದಿ ಬಣ್ಣದ ಪುಟ್ಟ ಎಂಜಿನ್ ಚಿತ್ರ, ಕೆಳಗೆ ‘ಇದೇನು ಅಂತ ಯಾರಿಗಾದ್ರೂ ಗೊತ್ತಾ? ಗಾಡಿ ಓಡಿಸಬಹುದಾ?’ ಐದು ನಿಮಿಷದಲ್ಲಿ ಉತ್ತರಗಳು ಶುರು. ಒಬ್ಬರು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಅಂತಾರೆ. ಇನ್ನೊಬ್ಬರು ಬ್ಯಾಟರಿ ವೈರ್ ಬಿಚ್ಚಿ, ಹತ್ತು ನಿಮಿಷ ಬಿಟ್ಟು ಹಾಕಿ, ಹೋಗುತ್ತೆ ಅಂತಾರೆ. ಮೂರನೆಯವರು ‘ನಮ್ಮ ಗಾಡೀಲಿ ಒಂದು ವರ್ಷದಿಂದ ಉರೀತಾನೇ ಇದೆ, ಏನೂ ಆಗಿಲ್ಲ’ ಎಂದು ನಗುವ ಇಮೋಜಿ ಹಾಕುತ್ತಾರೆ. ಆಮೇಲೆ ಯಾರೋ ಎಥನಾಲ್ ಪೆಟ್ರೋಲಿನ ಮಾತೆತ್ತಿದರೆಂದರೆ ಮುಗಿಯಿತು, ಕೇಳಿದವರ ಪ್ರಶ್ನೆ ಅದರಡಿ ಮುಳುಗಿಹೋಗುತ್ತದೆ.

ಈ ಉತ್ತರಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಎಲ್ಲವೂ ಊಹೆ. ಊಹೆ ಮಾಡದೇ ಇರುವುದು ಕಾರಿನೊಳಗಿನ ಕಂಪ್ಯೂಟರ್ ಮಾತ್ರ. ಯಾವ ಸರ್ಕಿಟ್ಟಿನಲ್ಲಿ ಅಥವಾ ಯಾವ ಸಿಲಿಂಡರಿನಲ್ಲಿ ಏನು ಎಡವಟ್ಟಾಯಿತು, ಆಗ ಗಾಡಿ ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು ಎಂದೆಲ್ಲ ಬರೆದಿಟ್ಟುಕೊಂಡೇ ಅದು ದೀಪ ಹೊತ್ತಿಸಿರುತ್ತದೆ. ಅದನ್ನು ಓದಲು ನಿಮ್ಮ ಕೈಯಲ್ಲಿರುವ ಫೋನು, ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಸಾಧನ ಸಾಕು.

ನಾನು ಮೆಕ್ಯಾನಿಕ್ ಅಲ್ಲ. ಏಳೆಂಟು ವರ್ಷಗಳಿಂದ ನಮ್ಮ ಮನೆಯ ಕಾರು, ಅಕ್ಕನ ಮನೆಯ ಕಾರು, ಆಫೀಸಿನ ಗೆಳತಿಯರ ಕಾರು ಅಂತ ಕೋಡ್ ಓದಿ ಓದಿ ರೂಢಿಯಾಗಿದೆ, ಅಷ್ಟೆ. ಇದನ್ನು ಓದಿದ ಮೇಲೆ ನೀವೇ ಕಾರು ರಿಪೇರಿ ಮಾಡಿಬಿಡುತ್ತೀರಿ ಅಂತ ನಾನು ಹೇಳುವುದಿಲ್ಲ. ಆದರೆ ಗ್ಯಾರೇಜಿಗೆ ಹೋಗಿ ‘ಲೈಟ್ ಬಂದಿದೆ, ಏನಾಗಿದೆ ನೋಡಿ’ ಅನ್ನುವುದಕ್ಕೂ ‘ಮೂರನೇ ಸಿಲಿಂಡರಲ್ಲಿ ಮಿಸ್‌ಫೈರ್ ತೋರಿಸ್ತಿದೆ, ಯಾಕೆ ಅಂತ ನೋಡಿ’ ಅನ್ನುವುದಕ್ಕೂ ಬಿಲ್ಲಿನಲ್ಲಿ ಸಾವಿರಾರು ರೂಪಾಯಿ ವ್ಯತ್ಯಾಸ ಬರಬಹುದು.

ಸುಮ್ಮನೆ ಉರಿಯುತ್ತಿದೆಯೋ, ಮಿಟುಕುತ್ತಿದೆಯೋ?

ಕೋಡ್ ಓದುವುದು ಆಮೇಲಿನ ಮಾತು. ರಸ್ತೆಯಲ್ಲಿರುವಾಗಲೇ ದೀಪ ಬಂದರೆ ಮೊದಲು ನೋಡಬೇಕಾದದ್ದು ಬಣ್ಣ. ಎಣ್ಣೆ ಹನಿಸುವ ಗಿಂಡಿಯಂಥ ಕೆಂಪು ಚಿತ್ರ ಬಂದರೆ ಎಂಜಿನ್ ಆಯಿಲ್ ಒತ್ತಡ ಬಿದ್ದಿದೆ ಎಂದರ್ಥ. ನೀರಿನಲ್ಲಿ ಅದ್ದಿದ ಥರ್ಮಾಮೀಟರಿನಂಥ ಕೆಂಪು ಚಿತ್ರ ಬಂದರೆ ಎಂಜಿನ್ ಕಾಯ್ದುಹೋಗಿದೆ. ಇವೆರಡರಲ್ಲಿ ಯಾವುದು ಬಂದರೂ ‘ಮುಂದಿನ ಸಿಗ್ನಲ್ ದಾಟಿ ನಿಲ್ಲಿಸ್ತೀನಿ’ ಅನ್ನುವಂತಿಲ್ಲ. ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಟೋಯಿಂಗಿಗೆ ಫೋನ್ ಮಾಡಿ. ಆಯಿಲ್ ಒತ್ತಡವಿಲ್ಲದೆ ಓಡುವ ಎಂಜಿನ್ ನಿಮಿಷಗಳಲ್ಲಿ ಹಾಳಾಗಬಹುದು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸಹಾಯಕ್ಕೆಂದು ಓಡಿಬರುವ ದಾರಿಹೋಕರನ್ನೂ ತಡೆಯಿರಿ.

ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಗಾಡಿಯ ಎಳೆತ, ಸದ್ದು, ಬಿಸಿ ಎಲ್ಲ ಎಂದಿನಂತಿದ್ದರೆ ಗಾಬರಿ ಬೇಡ. ನಿಧಾನವಾಗಿ ಮನೆಗೆ ಹೋಗಬಹುದು. ಒಂದೆರಡು ದಿನದಲ್ಲಿ ಕೋಡ್ ಓದಿದರಾಯಿತು.

ಅದೇ ದೀಪ ಮಿಟುಕುತ್ತಿದ್ದರೆ ಕಥೆ ಬೇರೆ. ಪೆಟ್ರೋಲ್ ಕಾರಿನಲ್ಲಿ ಹೀಗಾದರೆ ಸಾಮಾನ್ಯವಾಗಿ ಒಂದೋ ಎರಡೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಅಂದರೆ ಮಿಸ್‌ಫೈರ್ ಆಗುತ್ತಿದೆ. ಗಾಡಿ ನಡುಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಉರಿಯದೆ ಉಳಿದ ಪೆಟ್ರೋಲ್ ನೇರವಾಗಿ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಹೊಗೆ ಶುದ್ಧಮಾಡುವ ಆ ಡಬ್ಬಿಯೊಳಗೆ ಜೇನುಗೂಡಿನಂತೆ ಕಣ್ಣುಕಣ್ಣಾದ ಸೆರಾಮಿಕ್ ಇಟ್ಟಿಗೆಯಿರುತ್ತದೆ. ಅದರ ಮೈಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ. ಅತಿಯಾಗಿ ಕಾದರೆ ಆ ಇಟ್ಟಿಗೆಯೇ ಕರಗುತ್ತದೆ. ಬದಲಿಸಲು ಹತ್ತಾರು ಸಾವಿರ ಬೇಕು. ಹಾಗಾಗಿ ಆಕ್ಸಲರೇಟರ್ ಮೇಲಿನ ಕಾಲು ಸಡಿಲಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಒಣ ಹುಲ್ಲು, ತರಗೆಲೆಯ ಮೇಲೆ ಮಾತ್ರ ನಿಲ್ಲಿಸಬೇಡಿ. ಕಾದ ಕನ್ವರ್ಟರ್ ಅದಕ್ಕೆ ಬೆಂಕಿ ಹೊತ್ತಿಸಬಲ್ಲದು.

ಗಾಡಿ ಚೆನ್ನಾಗೇ ಓಡ್ತಿದೆಯಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಈ ದೀಪದ ಹುಟ್ಟಿನಲ್ಲಿದೆ. ಕಾರು ಕೆಡುತ್ತದೆ ಎಂದು ಮಾಲೀಕರಿಗೆ ತಿಳಿಸುವುದಕ್ಕಿಂತ, ಹೊಗೆ ಕೆಡುತ್ತಿದೆ ಎಂದು ತಿಳಿಸಲು ಹುಟ್ಟಿದ ದೀಪ ಅದು. ಲಾಸ್ ಏಂಜಲೀಸಿನ ಹೊಗೆಮಂಜಿನಿಂದ ಬೇಸತ್ತಿದ್ದ ಕ್ಯಾಲಿಫೋರ್ನಿಯಾ ರಾಜ್ಯ, ಹೊಗೆ ನಿಯಂತ್ರಣದ ಭಾಗಗಳನ್ನು ಕಾರೇ ತಪಾಸಣೆ ಮಾಡಿಕೊಳ್ಳಬೇಕು ಎಂದು 1988ರ ಮಾದರಿಗಳಿಂದ ನಿಯಮ ಮಾಡಿತು. 1996ರ ಮಾದರಿಗಳಿಂದ ಇಡೀ ಅಮೆರಿಕದಲ್ಲಿ ಒಂದೇ ಬಗೆಯ ಸಾಕೆಟ್, ಒಂದೇ ಬಗೆಯ ಕೋಡುಗಳು ಬಂದವು. ಇದೇ ಒಬಿಡಿ-2. ನಮ್ಮಲ್ಲಿ 2010ರಲ್ಲಿ ಬೆಂಗಳೂರು ಸೇರಿದಂತೆ ದೊಡ್ಡ ನಗರಗಳಿಗೆ ಬಿಎಸ್-4 ಬಂದಾಗ ಇದರ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೇ ಹಂತ ಬಂತು. 2020ರ ಏಪ್ರಿಲ್ 1ರಿಂದ ಬಿಎಸ್-6. ಅಂದರೆ ಕಳೆದ ಹತ್ತು ವರ್ಷಗಳಲ್ಲಿ ನೀವು ಕೊಂಡ ಕಾರಿನಲ್ಲಿ ಈ ವ್ಯವಸ್ಥೆ ಇದ್ದೇ ಇರುತ್ತದೆ.

ಹೊಗೆ ಕೆಟ್ಟರೂ ಗಾಡಿ ಸುಮಾರಾಗಿ ಓಡುತ್ತದೆ. ಆದರೆ ಕೆಟ್ಟ ಹೊಗೆಗೆ ಕಾರಣವಾದದ್ದು ಎಂಜಿನ್ನನ್ನೂ ನಿಧಾನವಾಗಿ ತಿನ್ನುತ್ತಿರುತ್ತದೆ, ಮೈಲೇಜ್ ಕೂಡ ತಿನ್ನುತ್ತದೆ. ಒಂದು ವರ್ಷದಿಂದ ಉರೀತಿದೆ ಎನ್ನುವವರಿಗೆ ಇನ್ನೊಂದು ನಷ್ಟವಿದೆ, ಅದು ಅವರ ಗಮನಕ್ಕೆ ಬಂದಿರುವುದಿಲ್ಲ. ಹಳೆಯ ತೊಂದರೆಗೆ ಹೊತ್ತಿದ ದೀಪ ಹೊಸ ತೊಂದರೆ ಬಂದಾಗ ಮತ್ತೊಮ್ಮೆ ಹೊತ್ತುವುದಿಲ್ಲ. ಇರುವ ಒಂದೇ ಕಾವಲುಗಾರ ಮೊದಲೇ ಕೂಗುತ್ತಿದ್ದರೆ, ಎರಡನೇ ಕಳ್ಳ ಬಂದದ್ದು ಗೊತ್ತಾಗುವುದು ಹೇಗೆ?

ಪೆಟ್ರೋಲ್ ಮುಚ್ಚಳದ ಸಲಹೆಯೂ ಅಮೆರಿಕದಿಂದಲೇ ಬಂದದ್ದು. ಅಲ್ಲಿನ ಕಾರುಗಳು ಟ್ಯಾಂಕಿನಿಂದ ಆವಿ ಸೋರುತ್ತಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳಬೇಕು, ಆದ್ದರಿಂದ ಮುಚ್ಚಳ ಸಡಿಲವಾದರೂ ದೀಪ ಬರುತ್ತದೆ. ಯುರೋಪಿನ ಮಾದರಿಯ ನಿಯಮಗಳನ್ನು ಅನುಸರಿಸುವ ನಮ್ಮ ಹೆಚ್ಚಿನ ಕಾರುಗಳಲ್ಲಿ ಆ ಪರೀಕ್ಷೆಯೇ ಇಲ್ಲ. ಮುಚ್ಚಳ ಬಿಗಿ ಮಾಡಿ, ತಪ್ಪೇನಿಲ್ಲ. ಅದರಿಂದ ದೀಪ ಹೋಗುತ್ತದೆಂದು ವಾರಗಟ್ಟಲೆ ಕಾಯಬೇಡಿ.

ಓದುವುದು ಹೇಗೆ?

ಸ್ಟಿಯರಿಂಗ್ ಕೆಳಗೆ ಬಗ್ಗಿ ನೋಡಿ. ಡ್ರೈವರ್ ಮೊಣಕಾಲಿನ ಆಸುಪಾಸಿನಲ್ಲಿ, ಬಹಳ ಕಾರುಗಳಲ್ಲಿ ಬಾನೆಟ್ ತೆಗೆಯುವ ಲಿವರ್ ಅಥವಾ ಫ್ಯೂಸ್ ಡಬ್ಬಿಯ ಹತ್ತಿರ, 16 ತೂತುಗಳ ಒಂದು ಸಾಕೆಟ್ ಇರುತ್ತದೆ. ಮೇಲ್ಗಡೆ ಅಗಲ, ಕೆಳಗಡೆ ಕಿರಿದು. ತಿರುಗುಮುರುಗಾಗಿ ಚುಚ್ಚಲು ಆಗುವುದೇ ಇಲ್ಲ. ಕೆಲವು ಕಾರುಗಳಲ್ಲಿ ಅದಕ್ಕೊಂದು ಮುಚ್ಚಳವಿರುತ್ತದೆ.

ಅದಕ್ಕೆ ಹಾಕುವ ಬ್ಲೂಟೂತ್ ಡಾಂಗಲ್ ಆನ್‌ಲೈನ್ ಅಂಗಡಿಗಳಲ್ಲಿ ‘ಇಎಲ್‌ಎಂ 327’ ಹೆಸರಿನಲ್ಲಿ ಸಿಗುತ್ತದೆ. ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಕೆನಡಾದ ಪುಟ್ಟ ಕಂಪನಿ ಮಾಡಿದ ಚಿಪ್ಪಿನ ಹೆಸರು ಅದು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಈಗ ಮಾರುಕಟ್ಟೆಯಲ್ಲಿರುವುದು ಬಹುಪಾಲು ಅದರ ನಕಲು. ಕೆಲವೇ ನೂರು ರೂಪಾಯಿಯದೂ ಇದೆ, ಎರಡು ಮೂರು ಸಾವಿರದ್ದೂ ಇದೆ. ತೀರಾ ಅಗ್ಗದ್ದು ನಡುವೆ ಸಂಪರ್ಕ ಕಡಿದುಕೊಂಡು ತಲೆ ತಿನ್ನುತ್ತದೆ. ವಿಮರ್ಶೆಗಳಲ್ಲಿ ನಿಮ್ಮ ಕಾರಿನ ಹೆಸರು ಹುಡುಕಿ ನೋಡಿ ಕೊಳ್ಳಿ. ಐಫೋನ್ ಇದ್ದರೆ ಎಚ್ಚರ: ಹಳೆಯ ಬಗೆಯ ಬ್ಲೂಟೂತ್ ಡಾಂಗಲ್ ಅದಕ್ಕೆ ಹೊಂದುವುದಿಲ್ಲ, ವೈಫೈ ಅಥವಾ ಬ್ಲೂಟೂತ್ ಲೋ ಎನರ್ಜಿಯದೇ ಬೇಕು. ಒಂದು ಮಹಡಿಗೆ ಒಂದು ಡಾಂಗಲ್ ಸಾಕು, ಇಡ್ಲಿ ಪಾತ್ರೆಯ ಹಾಗೆ ಎರವಲು ಓಡಾಡಲಿ.

ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪ್‌ಗಳಿವೆ. ಉಚಿತ ಆವೃತ್ತಿಯೇ ನಮಗೆ ಸಾಕು. ಇಗ್ನಿಷನ್ ಆಫ್ ಇರುವಾಗ ಡಾಂಗಲ್ ಹಾಕಿ, ಆಮೇಲೆ ಕೀಲಿಯನ್ನು ಆನ್ ಸ್ಥಾನಕ್ಕೆ ತನ್ನಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಟನ್ ಇರುವ ಕಾರಾದರೆ ಬ್ರೇಕ್, ಕ್ಲಚ್ ಎರಡನ್ನೂ ಒತ್ತದೆ ಬಟನ್ನನ್ನು ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಆನ್ ಆಗುತ್ತದೆ. ಫೋನಿನಲ್ಲಿ ಜೋಡಿಸುವಾಗ ಪಿನ್ ಕೇಳಿದರೆ 1234 ಅಥವಾ 0000. ಕೋಡ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ‘ಫ್ರೀಜ್ ಫ್ರೇಮ್’ ಎಂಬ ಆಯ್ಕೆ ಇದ್ದರೆ ಅದನ್ನೂ ತೆರೆಯಿರಿ. ದೋಷ ಕಂಡ ಗಳಿಗೆಯಲ್ಲಿ ಎಂಜಿನ್ ಎಷ್ಟು ಸುತ್ತುತ್ತಿತ್ತು, ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬ ಚಿತ್ರ ಅಲ್ಲಿದೆ. ಅದರ ಸ್ಕ್ರೀನ್‌ಶಾಟೂ ಇರಲಿ. ಕೆಲಸ ಮುಗಿದ ಮೇಲೆ ಡಾಂಗಲ್ ತೆಗೆದಿಡಿ. ಹಾಗೇ ಬಿಟ್ಟರೆ ದಿನಗಟ್ಟಲೆ ನಿಂತ ಕಾರಿನ ಬ್ಯಾಟರಿ ಹೀರುತ್ತದೆ.

ಒಂದು ಮಿತಿ ಇದೆ. ಈ ಅಗ್ಗದ ಸಾಧನಗಳು ಎಂಜಿನ್ ಕೋಡನ್ನು ಓದುತ್ತವೆ; ಏರ್‌ಬ್ಯಾಗ್, ಎಬಿಎಸ್ ದೀಪಗಳ ಕೋಡು ಬಹಳ ಸಲ ಸಿಗುವುದಿಲ್ಲ.

ಕೋಡ್ ಅಂದರೆ ವಿಳಾಸ

ಕೋಡಿನಲ್ಲಿ ಒಂದು ಅಕ್ಷರ, ನಾಲ್ಕು ಅಂಕಿಗಳು. ಪಿ ಅಂದರೆ ಎಂಜಿನ್ ಮತ್ತು ಗೇರ್ ಕಡೆಯದು. ಮುಂದಿನ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಅರ್ಥ ಒಂದೇ, 1 ಆದರೆ ಆಯಾ ಕಂಪನಿಯದೇ ಅರ್ಥ. ಅದರ ಮುಂದಿನದು 1 ಅಥವಾ 2 ಆದರೆ ಗಾಳಿ ಮತ್ತು ಇಂಧನ, 3 ಆದರೆ ಕಿಡಿ ಮತ್ತು ಮಿಸ್‌ಫೈರ್, 4 ಆದರೆ ಹೊಗೆ ಶುದ್ಧೀಕರಣ. ಇಷ್ಟು ನೆನಪಿದ್ದರೆ ಸಾಕು, ಉಳಿದದ್ದು ಆ್ಯಪ್ ಹೇಳುತ್ತದೆ.

ಆ್ಯಪ್ ಹೇಳದ ಮಾತೊಂದಿದೆ. ಯಾವ ಬೀದಿಯಲ್ಲಿ ಗಲಾಟೆಯಾಯಿತು ಎಂದು ಕೋಡ್ ಹೇಳುತ್ತದೆ. ಗಲಾಟೆ ಮಾಡಿದ್ದು ಯಾರು ಎಂದು ಅದಕ್ಕೆ ಗೊತ್ತಿಲ್ಲ. ಗ್ಯಾರೇಜುಗಳಲ್ಲಿ ನಮ್ಮ ದುಡ್ಡು ಸೋರುವುದು ಇಲ್ಲೇ: ಕೋಡಿನ ವಿವರಣೆಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಹೆಸರು ಕಂಡರೆ ಸೆನ್ಸರ್ ಬದಲಿಸುತ್ತಾರೆ.

ನಮ್ಮ ಭಾವನ ಕಾರಿನಲ್ಲಿ ಆದದ್ದನ್ನೇ ಹೇಳುತ್ತೇನೆ. ಏಳು ವರ್ಷದ ಪೆಟ್ರೋಲ್ ಕಾರು. ದೀಪ ಬಂತು, ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ಸಣ್ಣಗೆ ನಡುಗುತ್ತಿತ್ತು. ಅವರು ಹೋಗುವ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಆಕ್ಸಿಜನ್ ಸೆನ್ಸರ್ ಹೋಗಿದೆ, ಎಲ್ಲ ಸೇರಿ ಒಂಬತ್ತು ಸಾವಿರ ಅಂದರು. ಭಾವ ಫೋನ್ ಮಾಡಿದರು.

‘ಭಾವ, ಕೋಡ್ ಯಾವುದು ಅಂತ ಹೇಳಿದ್ರಾ ಅವರು?’

‘ಇಲ್ಲ ಕಣಮ್ಮ. ಮಷೀನ್ ಹಾಕಿ ನೋಡಿದ್ರು, ಸೆನ್ಸರ್ ಹೋಗಿದೆ ಅಂದ್ರು.’

‘ಪಾರ್ಟ್ ಆರ್ಡರ್ ಮಾಡ್ಬೇಡಿ ಅನ್ನಿ. ಭಾನುವಾರ ಹೇಗೂ ಬರ್ತೀನಲ್ಲ, ನೋಡೋಣ.’

ಭಾನುವಾರ ಡಾಂಗಲ್ ಹಾಕಿದರೆ ಬಂದದ್ದು ಪಿ0171. ಪೂರ್ತಿ ಅರ್ಥ: ಎಂಜಿನ್ನಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿದೆ. ಆಕ್ಸಿಜನ್ ಸೆನ್ಸರ್ ಇಲ್ಲಿ ದೂರು ಕೊಟ್ಟವನು. ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಲು ಹೊರಟಿದ್ದರು.

ಇದನ್ನು ಮನೆಯಲ್ಲೇ ಬಿಡಿಸಿ ನೋಡಲು ಒಂದು ದಾರಿಯಿದೆ. ಸಾರಿಗೆ ಉಪ್ಪು ಹಾಕಿ, ರುಚಿ ನೋಡಿ, ಇನ್ನಷ್ಟು ಹಾಕುವ ಹಾಗೆ, ಕಾರಿನ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ಮೂಲಕ ಹೊಗೆಯ ರುಚಿ ನೋಡುತ್ತಾ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಹೀಗೆ ಎಷ್ಟು ಹೆಚ್ಚಿಸಿದೆ ಎಂಬ ಲೆಕ್ಕವೇ ಫ್ಯುಯೆಲ್ ಟ್ರಿಮ್. ಆ್ಯಪಿನ ಲೈವ್ ಡೇಟಾದಲ್ಲಿ ಇದು ಕಾಣುತ್ತದೆ. ತಕ್ಷಣದ್ದೊಂದು, ದೀರ್ಘಾವಧಿಯದ್ದೊಂದು. ಎರಡನ್ನೂ ಕೂಡಿದಾಗ ಸುಮಾರು 10 ಶೇಕಡದೊಳಗೆ ಹೆಚ್ಚು ಅಥವಾ ಕಡಿಮೆ ಇದ್ದರೆ ಸರಿ. ಭಾವನ ಕಾರಿನಲ್ಲಿ ಎಂಜಿನ್ ಬಿಸಿಯಾಗಿ ಸುಮ್ಮನೆ ನಿಂತಿದ್ದಾಗ 24 ಇತ್ತು. ಆಕ್ಸಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದಾಗ 6ಕ್ಕೆ ಇಳಿಯಿತು.

ಈ ಎರಡು ಅಂಕಿಗಳೇ ಇಡೀ ಕಥೆ. ಏರ್ ಫಿಲ್ಟರ್ ಮೂಲಕ ಬರಬೇಕಾದ ಗಾಳಿ ಎಲ್ಲೋ ಬಿರುಕಿನಿಂದ ಕಳ್ಳದಾರಿಯಲ್ಲಿ ನುಗ್ಗುತ್ತಿದ್ದರೆ, ಎಂಜಿನ್ ನಿಧಾನವಾಗಿ ಸುತ್ತುವಾಗ ಅದರ ಪಾಲು ದೊಡ್ಡದು. ಜೋರಾಗಿ ಸುತ್ತುವಾಗ ಸರಿದಾರಿಯ ಗಾಳಿಯೇ ಅಷ್ಟೊಂದು ಇರುವುದರಿಂದ ಕಳ್ಳಗಾಳಿ ಲೆಕ್ಕಕ್ಕಿಲ್ಲ. ಅದೇ ಜೋರಾಗಿ ಓಡಿಸಿದಾಗ ಟ್ರಿಮ್ ಏರುತ್ತಾ ಹೋದರೆ ಪೆಟ್ರೋಲ್ ಪಂಪು, ಫಿಲ್ಟರ್ ಅಥವಾ ಗಾಳಿ ಅಳೆಯುವ ಸೆನ್ಸರ್ ಕಡೆ ನೋಡಬೇಕು. ನಾವು ಬಾನೆಟ್ ತೆಗೆದು ಕಿವಿಗೊಟ್ಟಾಗ ಸಣ್ಣಗೆ ಸುಯ್ ಎನ್ನುವ ಸದ್ದು ಬರುತ್ತಿತ್ತು. ಎಂಜಿನ್ ಆಫ್ ಮಾಡಿ ನೋಡಿದರೆ ಬೆರಳು ದಪ್ಪದ ರಬ್ಬರ್ ಹೋಸ್ ಒಂದು ಮೊಣಕೈಯಂತೆ ಬಾಗುವ ಜಾಗದಲ್ಲಿ ಸೀಳಿತ್ತು. ಅದೇ ಗ್ಯಾರೇಜಿನವರೇ ಮಾರನೇ ದಿನ ಹೊಸದು ಹಾಕಿದರು. ಹೋಸು, ಕೂಲಿ ಸೇರಿ 650 ರೂಪಾಯಿ. ಅವರು ಮೋಸ ಮಾಡಲು ಹೊರಟಿದ್ದರು ಅಂತ ನನಗನ್ನಿಸಲಿಲ್ಲ. ದಿನಕ್ಕೆ ಹದಿನೈದು ಗಾಡಿ ನೋಡುವ ಕಡೆ ಟ್ರಿಮ್ ನೋಡುತ್ತಾ ಕೂರಲು ಪುರುಸೊತ್ತಿರುವುದಿಲ್ಲ. ನಮಗೆ ಭಾನುವಾರವಿದೆ.

ಎಥನಾಲ್ ವಿಷಯವೂ ಇಲ್ಲೇ ಬರುತ್ತದೆ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಅದು ಬೆರೆತ ಪೆಟ್ರೋಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಕಂಪ್ಯೂಟರ್ ತುಸು ಹೆಚ್ಚು ಇಂಧನ ಸುರಿಯುತ್ತದೆ. 10 ಶೇಕಡ ಎಥನಾಲಿನಿಂದ 20ಕ್ಕೆ ಬಂದಾಗ ಈ ಹೆಚ್ಚಳ 4 ಶೇಕಡದ ಆಸುಪಾಸು. ಟ್ರಿಮ್ 24 ಆಗಲು ಇದೊಂದೇ ಸಾಲದು. ಆದರೆ ಮೊದಲೇ ಗಡಿಯಲ್ಲಿದ್ದ ಹಳೆಯ ಗಾಡಿಯನ್ನು ಗಡಿ ದಾಟಿಸಲು ಸಾಕು.

ಇಂಥ ತಪಾಸಣೆ ಬೇಸ್‌ಮೆಂಟಿನಲ್ಲಿ ಬೇಡ, ಗಾಳಿಯಾಡುವ ಬಯಲಿನಲ್ಲಿ ಮಾಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹ್ಯಾಂಡ್‌ಬ್ರೇಕ್ ಎಳೆದಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ದುಪಟ್ಟಾ, ಜಡೆ, ಕೊರಳ ಐಡಿ ಕಾರ್ಡು ಬೆಲ್ಟಿನ ಹತ್ತಿರ ಸುಳಿಯಬಾರದು. ಎಂಜಿನ್ ಆಫ್ ಆಗಿದ್ದರೂ ರೇಡಿಯೇಟರ್ ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು. ಯೂಟ್ಯೂಬಿನಲ್ಲಿ ಓಡುವ ಎಂಜಿನ್ ಮೇಲೆ ಕ್ಲೀನರ್ ಸ್ಪ್ರೇ ಹೊಡೆದು ಬಿರುಕು ಹುಡುಕುವುದನ್ನು ತೋರಿಸುತ್ತಾರೆ. ಅದು ಹೊತ್ತಿಕೊಳ್ಳುವ ದ್ರವ. ದಯವಿಟ್ಟು ಬೇಡ.

ನಮ್ಮಲ್ಲಿ ಹೆಚ್ಚು ಕಾಣುವ ಕೆಲವು

ಪಿ0301ರಿಂದ ಪಿ0304ರವರೆಗಿನವು ಮಿಸ್‌ಫೈರ್. ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಪಿ0300 ಅಂದರೆ ಒಂದೇ ಕಡೆ ಅಂತಿಲ್ಲ, ಅಲ್ಲಿ ಇಲ್ಲಿ ಆಗುತ್ತಿದೆ. ಪ್ರತಿ ಸಿಲಿಂಡರಿನ ತಲೆಯ ಮೇಲೆ ಬೇರೆ ಬೇರೆ ಇಗ್ನಿಷನ್ ಕಾಯಿಲ್ ಇರುವ ಕಾರುಗಳಲ್ಲಿ ಒಂದು ಚೆಂದದ ಉಪಾಯವಿದೆ. ಪಿ0302 ಬಂದಿದೆ ಎಂದಿಟ್ಟುಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಇಗ್ನಿಷನ್ ಆಫ್ ಇರುವಾಗ, ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಸ್ಕ್ರೀನ್‌ಶಾಟ್ ಉಳಿಸಿಕೊಂಡು ಕೋಡ್ ಅಳಿಸಿ, ಹತ್ತಿರದಲ್ಲೇ ಒಂದು ಸುತ್ತು ಓಡಿಸಿ. ಈಗ ಪಿ0303 ಬಂದರೆ ತೊಂದರೆ ಕಾಯಿಲ್ ಜೊತೆ ಹೋಗಿದೆ, ಕಾಯಿಲ್ಲೇ ಕೆಟ್ಟಿದೆ. ಪಿ0302ನೇ ಬಂದರೆ ಕಾಯಿಲ್ ನಿರಪರಾಧಿ. ಸ್ಪಾರ್ಕ್ ಪ್ಲಗ್, ಇಂಜೆಕ್ಟರ್ ಕಡೆ ನೋಡಬೇಕು. ನಾಲ್ಕೂ ಕಾಯಿಲ್ ಬದಲಿಸಿ ಎನ್ನುವ ಅಂದಾಜುಪಟ್ಟಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ದೀಪ ಮಿಟುಕುತ್ತಿದ್ದರೆ ಮಾತ್ರ ಈ ಸುತ್ತು ಹೊಡೆಯಬೇಡಿ. ವಾರಂಟಿ ಇರುವ ಕಾರಾದರೆ ಏನನ್ನೂ ಬಿಚ್ಚದೆ, ಬರೀ ಓದಿ, ಸ್ಕ್ರೀನ್‌ಶಾಟ್ ಸಮೇತ ಸರ್ವೀಸ್ ಸೆಂಟರಿಗೆ ಕೊಡಿ.

ಬೆಂಗಳೂರಿನ ಬೇಸ್‌ಮೆಂಟುಗಳಿಗೆ ಇಲಿಯದು ಇನ್ನೊಂದು ಅಧ್ಯಾಯ. ವಾರಗಟ್ಟಲೆ ವರ್ಕ್ ಫ್ರಮ್ ಹೋಮ್, ಕಾರು ನಿಂತಲ್ಲೇ ನಿಂತಿರುತ್ತದೆ. ಬೆಚ್ಚಗಿನ ಎಂಜಿನ್ ಗೂಡಿನಲ್ಲಿ ಇಲಿ ಸಂಸಾರ ಹೂಡಿ ವೈರ್ ಕಡಿಯುತ್ತದೆ. ಪಿ0113, ಪಿ0118 ಥರದ ಕೋಡುಗಳು ಬಂದು, ವಿವರಣೆಯಲ್ಲಿ ಸೆನ್ಸರ್ ಸರ್ಕಿಟ್ ‘ಹೈ’ ಎಂದಿದ್ದರೆ ಲೈವ್ ಡೇಟಾದಲ್ಲಿ ಆ ಸೆನ್ಸರ್ ತೋರಿಸುವ ತಾಪಮಾನ ನೋಡಿ. ಮೈನಸ್ 40 ಡಿಗ್ರಿ ಎಂದು ತೋರಿಸುತ್ತಿದ್ದರೆ ಬೆಂಗಳೂರಿಗೆ ಸೈಬೀರಿಯಾ ಬಂದಿಲ್ಲ, ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ. ಸಂಪರ್ಕವೇ ಇಲ್ಲದಾಗ ಕಂಪ್ಯೂಟರ್ ತೋರಿಸುವ ಅಂಕಿ ಅದು. ಸೆನ್ಸರ್ ಕೊಳ್ಳುವ ಮುಂಚೆ ಟಾರ್ಚ್ ಹಿಡಿದು ವೈರ್ ಹಿಂಬಾಲಿಸಿ. ಹೊಗೆಸೊಪ್ಪು, ನುಸಿಗುಳಿಗೆ ಇಟ್ಟರೆ ಇಲಿ ಬರಲ್ಲ ಅಂತ ನಂಬುವವರಿದ್ದಾರೆ. ಮೂರು ದಿನಕ್ಕೊಮ್ಮೆ ಗಾಡಿ ಓಡಿಸುವುದರ ಮೇಲೆ ನನಗೆ ಹೆಚ್ಚು ನಂಬಿಕೆ.

ಪಿ0420 ಬಂದಾಗ ಎಲ್ಲರಿಗೂ ಎದೆ ಧಸಕ್ ಅನ್ನುತ್ತದೆ, ಯಾಕೆಂದರೆ ಅದು ಕ್ಯಾಟಲಿಟಿಕ್ ಕನ್ವರ್ಟರಿನ ಕೋಡು. ಅದಕ್ಕೂ ಮುಂಚೆ ನೋಡಬೇಕಾದದ್ದು ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದೆಯೇ, ಹಿಂದಿನ ಆಕ್ಸಿಜನ್ ಸೆನ್ಸರ್ ಸರಿಯಿದೆಯೇ ಎಂದು. ಕನ್ವರ್ಟರ್ ನಿಜಕ್ಕೂ ಸತ್ತಿದ್ದರೆ, ಅದನ್ನು ಕೊಂದದ್ದು ಏನು ಎಂದು ಗ್ಯಾರೇಜಿನವರನ್ನು ಕೇಳಲೇಬೇಕು. ಹಳೆಯ ಮಿಸ್‌ಫೈರೋ, ಎಂಜಿನ್ ಆಯಿಲ್ ಕುಡಿಯುತ್ತಿರುವುದೋ ಹಾಗೇ ಇದ್ದರೆ ಹೊಸ ಕನ್ವರ್ಟರ್ ಕೂಡ ಅದೇ ದಾರಿ ಹಿಡಿಯುತ್ತದೆ.

ಡೀಸೆಲ್ ಬಿಎಸ್-6 ಕಾರಿನವರ ಗೋಳು ಬೇರೆ. ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ತುಂಬಿದಾಗ ಅದನ್ನು ಬಿಸಿಮಾಡಿ ಸುಟ್ಟುಕೊಳ್ಳಬೇಕು. ಮನೆಯಿಂದ ನಾಲ್ಕು ಕಿಲೋಮೀಟರ್ ಆಫೀಸು, ನಡುವೆ ಹನ್ನೆರಡು ಸಿಗ್ನಲ್ ಇದ್ದರೆ ಆ ಬಿಸಿ ಹುಟ್ಟುವುದೇ ಇಲ್ಲ. ಮೊದಲು ಡಿಪಿಎಫ್ ದೀಪ ಬರುತ್ತದೆ. ಆಗ ಮ್ಯಾನುಯಲ್ ಹೇಳುವಂತೆ ಹೆದ್ದಾರಿಗೆ ಹೋಗಿ, ಸಾಮಾನ್ಯವಾಗಿ 60 ಕಿಲೋಮೀಟರಿಗಿಂತ ಹೆಚ್ಚಿನ ಒಂದೇ ವೇಗದಲ್ಲಿ 15-20 ನಿಮಿಷ ಓಡಿಸಿದರೆ ಮಸಿ ಸುಡುತ್ತದೆ. ಅದನ್ನು ಕಡೆಗಣಿಸಿದರೆ ಎಂಜಿನ್ ದೀಪವೂ ಜೊತೆಗೂಡಿ, ಗಾಡಿಯ ಎಳೆತ ಕುಗ್ಗುತ್ತದೆ. ಆಮೇಲೆ ಸರ್ವೀಸ್ ಸೆಂಟರೇ ಗತಿ. ನಗರದೊಳಗೆ ಮಾತ್ರ ಓಡಾಡುವವರು ಡೀಸೆಲ್ ಕೊಳ್ಳಬಾರದು ಎನ್ನುವುದು ನನ್ನ ಅಭಿಪ್ರಾಯ, ಶೋರೂಮಿನವರು ಏನೇ ಹೇಳಲಿ.

ಅಳಿಸುವ ಬಟನ್

ಪ್ರತಿ ಆ್ಯಪಿನಲ್ಲೂ ಕೋಡ್ ಅಳಿಸುವ ಬಟನ್ ಇದೆ. ಒತ್ತಿದರೆ ದೀಪ ಆರುತ್ತದೆ, ಮನಸ್ಸಿಗೆ ಹಾಯೆನಿಸುತ್ತದೆ. ಜೊತೆಗೆ ಫ್ರೀಜ್ ಫ್ರೇಮ್ ಹೋಗುತ್ತದೆ. ಕಂಪ್ಯೂಟರ್ ಕಲಿತಿದ್ದ ಟ್ರಿಮ್ ಲೆಕ್ಕವೂ ಬಹುತೇಕ ಕಾರುಗಳಲ್ಲಿ ಹೋಗುತ್ತದೆ. ಬ್ಯಾಟರಿ ವೈರ್ ಬಿಚ್ಚಿದರೂ ಬಹಳಷ್ಟು ಕಾರುಗಳಲ್ಲಿ ಇದೇ ಗತಿ, ಮೇಲೆ ಗಡಿಯಾರ, ಸ್ಟೀರಿಯೊ ಸೆಟ್ಟಿಂಗೂ ಹೋಗುತ್ತದೆ. ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ. ಹೊಗೆಗೆ ಸಂಬಂಧಿಸಿದ ಹೆಚ್ಚಿನ ದೋಷಗಳು ಬೇರೆ ಬೇರೆ ಎರಡು ಓಡಾಟಗಳಲ್ಲಿ ಕಂಡಮೇಲಷ್ಟೇ ದೀಪ ಹೊತ್ತುವುದರಿಂದ, ಅಳಿಸಿದ ಮೇಲೆ ಎರಡು ಮೂರು ದಿನ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಬೀದಿಬದಿಯ ಎಷ್ಟೋ ‘ರಿಪೇರಿ’ಗಳ ಗುಟ್ಟು ಇದೇ. ಐನೂರು ತೆಗೆದುಕೊಂಡು ಬಟನ್ ಒತ್ತಿರುತ್ತಾರೆ.

ನಿಜಕ್ಕೂ ರಿಪೇರಿಯಾಗಿದ್ದರೆ ಅಳಿಸುವ ಅಗತ್ಯವೂ ಇಲ್ಲ. ಸಾಮಾನ್ಯವಾಗಿ ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ದೀಪ ತಾನೇ ಆರುತ್ತದೆ. ಆದ್ದರಿಂದ ಗ್ಯಾರೇಜಿಗೆ ಬಿಡುವಾಗ ಕೋಡಿನ ಸ್ಕ್ರೀನ್‌ಶಾಟ್ ಕಳಿಸಿ, ‘ಈ ಕೋಡಿಗೆ ಏನು ಪರೀಕ್ಷೆ ಮಾಡಿ ಈ ಪಾರ್ಟ್ ಕೆಟ್ಟಿದೆ ಅಂತ ಗೊತ್ತಾಯ್ತು?’ ಎಂದು ಮೆತ್ತಗೆ ಕೇಳಿ. ಬದಲಿಸಿದ ಹಳೆಯ ಪಾರ್ಟ್ ವಾಪಸ್ ಬೇಕು ಎಂದು ಮೊದಲೇ ಹೇಳಿಡಿ. ಒಳ್ಳೆಯ ಮೆಕ್ಯಾನಿಕ್‌ಗೆ ಈ ಪ್ರಶ್ನೆ ಬೇಸರ ತರುವುದಿಲ್ಲ. ನನಗೆ ಗೊತ್ತಿರುವ ಒಬ್ಬರು ಪ್ಲಗ್ಗು, ಕಾಯಿಲ್ಲು ಎಲ್ಲ ಹರಡಿ ಅರ್ಧ ಗಂಟೆ ಪಾಠವನ್ನೇ ಮಾಡಿದ್ದರು, ಟೀ ಕೂಡ ತರಿಸಿದ್ದರು.

ಈ ಅಳಿಸುವ ಬಟನ್ನಿನ ವಿಷಯ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೆ ಇನ್ನೂ ಮುಖ್ಯ. ಕೀಲಿ ಆನ್ ಮಾಡಿದಾಗ ಎಂಜಿನ್ ದೀಪ ಬರಲೇಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಆನ್ ಮಾಡಿದಾಗ ಬರಲೇ ಇಲ್ಲವೆಂದರೆ ದೀಪವನ್ನೇ ಯಾರೋ ಬಾಯಿ ಮುಚ್ಚಿಸಿರಬಹುದು. ದೀಪ ಸರಿಯಾಗಿದ್ದರೂ ಡಾಂಗಲ್ ಹಾಕಿ, ಆ್ಯಪಿನಲ್ಲಿ ‘ರೆಡಿನೆಸ್ ಮಾನಿಟರ್’ ಎಂಬ ಪುಟ ತೆರೆಯಿರಿ. ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಮುಂತಾದ ಸ್ವಯಂ ಪರೀಕ್ಷೆಗಳು ಮುಗಿದಿವೆಯೋ ಇಲ್ಲವೋ ಎಂದು ಅಲ್ಲಿ ತೋರಿಸುತ್ತದೆ. ಕೋಡ್ ಅಳಿಸಿದಾಗ ಇವೆಲ್ಲ ಮತ್ತೆ ‘ಅಪೂರ್ಣ’ ಆಗುತ್ತವೆ, ಪೂರ್ತಿಯಾಗಲು ಕೆಲವು ದಿನಗಳ ಓಡಾಟ ಬೇಕು. ದಿನಾ ಆಫೀಸಿಗೆ ಓಡಾಡುವ ಗಾಡಿ ಎಂದು ಮಾರುವವರು ಹೇಳುತ್ತಿದ್ದು, ಮಾನಿಟರ್‌ಗಳೆಲ್ಲ ಅಪೂರ್ಣ ಎಂದು ತೋರಿಸುತ್ತಿದ್ದರೆ, ಇತ್ತೀಚೆಗೆ ಬ್ಯಾಟರಿ ಬದಲಿಸಿದ್ದೀರಾ ಎಂದು ಕೇಳಿ. ಹೌದು ಎಂದರೆ ಬಿಲ್ ನೋಡಿ. ಇಲ್ಲ ಎಂದರೆ, ಒಂದು ವಾರ ಓಡಿಸಿ, ಮುಂದಿನ ಭಾನುವಾರ ಮತ್ತೆ ಓದುತ್ತೇವೆ ಎನ್ನಿ. ಅದಕ್ಕೆ ಅವರು ಒಪ್ಪದಿದ್ದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.